ಇಲ್ಲದ ಯಂತ್ರದ ರೊಟ್ಟಿ

ಕೂಡ್ಲಿಗಿಯಲ್ಲಿ ಎರಡು ದಿನ ನಮಗೆ ಬುದ್ಧಿ ಹಂಚಿದರು. ಕೃತಕ ಬುದ್ಧಿಯಂತೆ, ಫೋನಿಗೆ ಹೇಳಿದರೆ ತಾನೇ ಬರೆದುಕೊಡುತ್ತದಂತೆ. ಕಾಲೇಜು ಮಕ್ಕಳಿಗೂ ರೊಟ್ಟಿ ಬಡಿಯುವ ನಮ್ಮಂಥವರಿಗೂ ಒಂದೇ ಸಾಲಿನಲ್ಲಿ ಕುರ್ಚಿ. ಹುಟ್ಟಿನಿಂದ ಬಂದ ಬುದ್ಧಿ ಸಾಲದೇನೋ ಎಂದು ನಾನೂ ಹೋಗಿ ಕೂತೆ. ಊಟವೂ ಇತ್ತು.

ನಮ್ಮ ರೊಟ್ಟಿ ಸಂಘಕ್ಕೆ ನನ್ನ ಸೊಸೆಯೇ ಯಜಮಾನಿ. ಹಾಸ್ಟೆಲ್ಲಿಗೆ ವರ್ಷವಿಡೀ ರೊಟ್ಟಿ ಕೊಡುವ ಕೆಲಸ ಸಿಕ್ಕರೆ ಎಂಟು ಹೆಂಗಸರು ಕೂಲಿ ಹುಡುಕಿ ಅಲೆಯುವುದು ತಪ್ಪುತ್ತಿತ್ತು. ಅಲ್ಲೇ ಕೂತು ಸೊಸೆ ಫೋನಿಗೆ ಹೇಳಿದ್ದು ಇಷ್ಟೇ: "ರೊಟ್ಟಿ ಸಂಘ. ಹಾಸ್ಟೆಲ್ಲಿಗೆ ಅರ್ಜಿ ಬರಿ." ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಪುಟ ಬಂತು. ಏನು ಕನ್ನಡ, ಏನು ವಿನಯ! ದೇವರಿಗೂ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಕ್ಕಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಓದಲಿಲ್ಲ.

ನಮ್ಮಲ್ಲಿ ಅದೇ ರೂಢಿ. ತಾಲ್ಲೂಕು ಕಚೇರಿಯ ಮುಂದೆ ಕೂತವನು ಅರ್ಜಿ ಬರೆಯುತ್ತಾನೆ, ನಾವು ಹೆಬ್ಬೆಟ್ಟು ಒತ್ತುತ್ತೇವೆ. ಹಾಗೆ ಒತ್ತಿಯೇ ಒಮ್ಮೆ ನಾನು ಕಾಗದದಲ್ಲಿ ವಿಧವೆಯಾಗಿದ್ದೆ. ಗಂಡ ಪಕ್ಕದಲ್ಲೇ ನಿಂತು ಬೀಡಿ ಸೇದುತ್ತಿದ್ದ. ಆಮೇಲೆ ಅಕ್ಷರ ಕಲಿತೆ. ಈಗಲೂ ಬೆರಳಿಟ್ಟೇ ಓದುವುದು. ಫೋನಿನ ಮೇಲೆ ಬೆರಳಿಟ್ಟರೆ ಸಾಲು ಓಡಿಹೋಗುತ್ತಿತ್ತು. ಕಾಗದಕ್ಕೆ ಇಳಿಸಿ ಕೊಡಿರೆಂದೆ. ಮೂರನೇ ಸಾಲಿನಲ್ಲಿ ಬೆರಳು ನಿಂತಿತು: ಅತ್ಯಾಧುನಿಕ ಯಂತ್ರಗಳಿಂದ ರೊಟ್ಟಿ.

"ಏ, ಯಂತ್ರ ಎಲ್ಲೈತಿ? ನಾ ಅದರ ಮ್ಯಾಲೆ ಕುಂತೀನೇನು?"

"ಇರ್ಲಿ ಬಿಡ್ರಿ ಅತ್ತಿ, ಚಂದ ಬರ್ದೈತಿ," ಎಂದಳು ಸೊಸೆ.

"ಹಾಸ್ಟೆಲ್ಲಿನವ್ರು ನೋಡಾಕ ಬಂದ್ರ ನನ್ನ ಎರಡು ಕೈ ತೋರಸ್ತೀಯೇನು?"

ಕಲಿಸುವ ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. "ನೀವು ಹೇಳದಿದ್ರ ಅದು ತಾನ ತುಂಬ್ಸಿಬಿಡ್ತೈತ್ರಿ ಅಜ್ಜಿ."

"ಹಂಗಾರ ಅರ್ಜಿ ಬರಿಯಾವನ ತಮ್ಮ ಐತಿ ಬಿಡವ್ವ."

ಸೊಸೆಯಿಂದ ಮತ್ತೆ ಹೇಳಿಸಿದೆ: ಎಂಟು ಜನ, ಬಿಳಿಜೋಳ, ಕೈಯಲ್ಲೇ ಬಡಿಯುವುದು, ಅಮಾವಾಸ್ಯೆಗೆ ರಜೆ. ಈ ಸಲ ಅರ್ಧ ಪುಟವಷ್ಟೇ ಬಂತು. ಅದನ್ನೂ ಬೆರಳಿಟ್ಟು ಮುಗಿಸಿದೆ.

ವಾರದ ಮೇಲೆ ಹಾಸ್ಟೆಲ್ಲಿನ ವಾರ್ಡನ್ ಬಂದರು. ಕೊಟ್ಟೂರು, ಹಡಗಲಿ, ಹರಪನಹಳ್ಳಿಯಿಂದ ಬಂದ ಅರ್ಜಿಗಳಲ್ಲೆಲ್ಲ ಅದೇ ಯಂತ್ರ, ಅದೇ ಮಾತು ಇತ್ತಂತೆ. ಹೋಗಿ ನೋಡಿದರೆ ಎಲ್ಲ ಕಡೆ ಬರೀ ಕೈ. "ಕೈಯಾಗ ಬಡಿತೀವಿ ಅಂತ ಬರ್ದವ್ರು ನೀವೊಬ್ರ ನೋಡ್ರಿ," ಎಂದು ಎರಡು ರೊಟ್ಟಿ ತಿಂದು ಕೆಲಸ ನಮಗೇ ಕೊಟ್ಟರು.

ಕರಾರಿಗೆ ಸಹಿ ಹಾಕಲು ಹೋದ ದಿನ ಸೊಸೆ ನನ್ನ ಕಡೆ ನೋಡಿದಳು. ಕಾಗದವನ್ನು ಅವಳ ಕಡೆಗೇ ಸರಿಸಿದೆ. ಬೆರಳಿಟ್ಟು, ಮೊದಲಿಂದ ಕೊನೆಯವರೆಗೆ ತಾನೇ ಓದಿದಳು. ಮಧ್ಯಾಹ್ನದ ಬಸ್ಸು ಹೋಯಿತು. ಹೋಗಲಿ.