ಅಪ್ಪನ ಬೋರಿಂಗ್ ಕೆಲಸ

ಫ್ರೆಂಡ್ಸ್, ಇವತ್ತು ನಾನು ಮಾಡಿದ್ದನ್ನು ಕೇಳಿ, ಸಮಾಧಾನ ಮಾತ್ರ ಹೇಳಬೇಡಿ.

ಕೋಲಾರದಿಂದ ಅಪ್ಪ ವಿದೇಶದಲ್ಲಿರುವ ನನ್ನ ಮನೆಗೆ ಬಂದು ಹತ್ತು ದಿನವಾಯಿತು. ಮಧ್ಯಾಹ್ನ ರಿಕ್ಕರ್ಟನ್‌ನ ನಮ್ಮ ಪಕ್ಕದ ಮನೆಯ ಗ್ರಹಾಂ ಬಾರ್ಬೆಕ್ಯೂಗೆ ಕರೆದಿದ್ದರು. ಅಪ್ಪನಿಗೆಂದೇ ಜೋಳದ ತೆನೆ ಸುಟ್ಟುಕೊಟ್ಟು, ಏನು ಕೆಲಸದಲ್ಲಿದ್ದಿರಿ ಅಂತ ಕೇಳಿದರು.

ಅಪ್ಪ ನೆಟ್ಟಗೆ ಕೂತು ಹೇಳಿದರು: "ಥರ್ಟಿ ಇಯರ್ಸ್, ಓನ್ಲಿ ಬೋರಿಂಗ್!"

ಅಪ್ಪ ಬೋರ್‌ವೆಲ್ ಕೊರೆಯುವ ಲಾರಿಯಲ್ಲಿ ದುಡಿದವರು. ಅದು ಗೊತ್ತಿದ್ದೂ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಸಾಲದ್ದಕ್ಕೆ, "ಸಾರಿ, ಅಪ್ಪನ ಇಂಗ್ಲಿಷ್ ಹಾಗೇ, ಕೆಲಸ ಬೋರ್ ಹೊಡೀತಿತ್ತು ಅಂತಲ್ಲ," ಅಂತ ವಿವರಿಸೋಕೆ ಹೋದೆ.

ಗ್ರಹಾಂ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಎಷ್ಟು ಆಳ?" ಅಂತ ಅಪ್ಪನನ್ನೇ ಕೇಳಿದರು. ಅವರ ಹಳೆಯ ಫಾರ್ಮಿನಲ್ಲೂ ಕೊಳವೆಬಾವಿ ಇತ್ತಂತೆ. ಇಲ್ಲೂ ಅದನ್ನು ಬೋರ್ ಅಂತಲೇ ಅನ್ನೋದಂತೆ. ಏಳು ವರ್ಷದಿಂದ ಇಲ್ಲಿರುವ ನನಗೇ ಗೊತ್ತಿರಲಿಲ್ಲ.

"ಟ್ವೆಲ್ವ್ ಹಂಡ್ರೆಡ್ ಫೀಟ್," ಅಂದರು ಅಪ್ಪ. "ಸಮ್‌ಟೈಮ್ಸ್ ಓನ್ಲಿ ಡಸ್ಟ್ ಕಮಿಂಗ್."

ಗ್ರಹಾಂ ಇಕ್ಕಳ ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ಒಂದು ಗಂಟೆ ಇಬ್ಬರೂ ಕಲ್ಲು, ಮಣ್ಣು, ನೀರು ಅಂತ ಅರ್ಧ ಮಾತು ಕೈಯಲ್ಲೇ ಆಡಿದರು. ಆ ಲಾರಿಯ ದುಡಿಮೆಯಲ್ಲೇ ಓದಿ ಇಂಜಿನಿಯರ್ ಆದ ನಾನು ತಟ್ಟೆ ನೋಡುತ್ತಾ ಕೂತಿದ್ದೆ.

ಮನೆಗೆ ಬಂದ ಮೇಲೆ ಅಪ್ಪ ಕೇಳಿದರು, "ಯಾಕಮ್ಮ ಆವಾಗ ನಕ್ಕಿದ್ದು?"

"ನಗು ಅಲ್ಲಪ್ಪ, ಕೆಮ್ಮು ಬಂತು."

ಪಾಪ, ಒಳಗೆ ಹೋಗಿ ಬಿಸಿನೀರು ಕಾಯಿಸಿ ತಂದರು. ಕುಡಿದು ಮುಗಿಸೋವರೆಗೂ ಎದುರಿಗೇ ನಿಂತಿದ್ದರು. ಒಂದು ಲೋಟ ನೀರನ್ನು ಇಷ್ಟು ಕಷ್ಟಪಟ್ಟು ಕುಡಿದದ್ದು ಇದೇ ಮೊದಲು.