ಕಂಪ್ಯೂಟರಿಗೆ ಹದಿನಾಲ್ಕನೇ ಪುಟ ಓದಿಸಿದ ಅತ್ತಿಗೆ

ನಮ್ಮತ್ತಿಗೆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷದಿಂದ ಕ್ಲರ್ಕು. ಕೋಪ ಮೂಗಿನ ತುದಿಯಲ್ಲೇ. ಒಂದೇ ದಾರಿಯಲ್ಲಿ ಹುಡುಕಿ ಕೈಚೆಲ್ಲುವ ಜಾಯಮಾನ ಅವರದಲ್ಲ. ಹೆಸರಿನ ಕಪಾಟಿನಲ್ಲಿ ಫೈಲು ಸಿಗದಿದ್ದರೆ ವಾರ್ಡಿನ ಕಪಾಟಿಗೆ ನುಗ್ಗುತ್ತಾರೆ. ಮನೆಯಲ್ಲಿ ನಮ್ಮಣ್ಣನ ಕನ್ನಡಕ ಹುಡುಕೋದೂ ಹೀಗೇ, ಜೊತೆಗೆ ಅವನಿಗೆ ನಾಲ್ಕು ಬೈಗುಳ.

ನಾನು ಅಲ್ಲೇ ನರ್ಸು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ವಾರ್ಡಿನಲ್ಲಿದ್ದ ಒಬ್ಬ ಟೈಲರಮ್ಮನಿಗೆ ಕರುಳಿನ ಆಪರೇಷನ್, ಮುಂದೂಡುವ ಹಾಗೇ ಇರಲಿಲ್ಲ. ಹತ್ತು ಗಂಟೆಗೆ ಆಕೆ ನನ್ನ ಕೈ ಹಿಡಿದುಕೊಂಡು, "ಸಿಸ್ಟರ್, ಹಿಂದೆ ಇಲ್ಲೇ ಸೇರಿದ್ದಾಗ ಯಾವುದೋ ಇಂಜೆಕ್ಷನ್‌ಗೆ ಉಸಿರೇ ನಿಂತುಹೋಗಿತ್ತು. ಮತ್ತೆ ಅದನ್ನೇ ಕೊಟ್ಟುಬಿಟ್ರೆ?" ಅಂದರು. ಔಷಧದ ಹೆಸರು ಗೊತ್ತಿಲ್ಲ, ಹಳೇ ಚೀಟಿಯೂ ಇಲ್ಲ.

ರೆಕಾರ್ಡ್ ರೂಮಿಗೆ ಓಡಿದೆ. ಹಳೇ ಫೈಲೆಲ್ಲ ಈಗ ಕಂಪ್ಯೂಟರಿನಲ್ಲಿವೆ, ಆದರೆ ಆಕೆಯ ಹೆಸರಿನವರೇ ನಾನೂರು ಜನ! ಅತ್ತಿಗೆ ಹೆಸರಿನ ಜೊತೆ 'ಅಲರ್ಜಿ' ಅಂತ ಸೇರಿಸಿ ಹುಡುಕಿದರು. ಒಂದೂ ಇಲ್ಲ.

"ಇಲ್ಲ ಅಂದ್ರೆ ಇಲ್ಲ ಮೇಡಂ," ಅಂದ ಕಂಪ್ಯೂಟರ್ ವಿಭಾಗದವನು.

"ಅದ್ಹೇಗಪ್ಪಾ ಇಲ್ಲ? ಉಸಿರು ನಿಂತಿದ್ದು ನಿಂದಾ, ಅವಳದಾ?" ಅನ್ನುತ್ತಲೇ ಅತ್ತಿಗೆ ಅದೇ ಪದಗಳಿಗೆ ಹೆಂಗಸರ ವಾರ್ಡಿನ ನಂಬರನ್ನೂ ಸೇರಿಸಿದರು. ಷರತ್ತು ಹೆಚ್ಚಾದರೆ ಸಿಗೋದು ಕಡಿಮೆಯಾಗಬೇಕು ತಾನೇ? ಒಂದು ಫೈಲು ಬಂತು! ವಯಸ್ಸು, ಕಸುಬು, ವಿಳಾಸ ಎಲ್ಲ ನಮ್ಮ ಟೈಲರಮ್ಮನದೇ. ಔಷಧದ ಹೆಸರೂ ಇತ್ತು.

ಕಂಪ್ಯೂಟರಿನವನು ಬೆಪ್ಪಾದ. ಆಮೇಲೆ ತಡಕಾಡಿ ಅವನೇ ಬಿಡಿಸಿ ಹೇಳಿದ. ಬರೀ ಪದ ಕೊಟ್ಟರೆ ಯಂತ್ರ ಪದಗಳ ಇಂಡೆಕ್ಸ್ ನೋಡುತ್ತೆ, ಪುಸ್ತಕದ ಕೊನೆಯ ಪಟ್ಟಿಯ ಹಾಗೆ. ಆ ಇಂಡೆಕ್ಸ್ ಮಾಡುವಾಗ ಪ್ರತಿ ಫೈಲಿನ ಮೊದಲ ಹತ್ತು ಪುಟವಷ್ಟೇ ಸೇರಿತ್ತು. ವಾರ್ಡು ಹೇಳಿದರೆ ವಾರ್ಡಿನ ಇಂಡೆಕ್ಸ್ ಹಿಡಿದು, ಸಿಕ್ಕ ಫೈಲನ್ನು ಪೂರ್ತಿ ಓದುತ್ತೆ. ಅಲರ್ಜಿ ಇದ್ದದ್ದು ಹದಿನಾಲ್ಕನೇ ಪುಟದಲ್ಲಿ. "ಯಾವ ಇಂಡೆಕ್ಸ್ ಅಂತ ಅದೇ ಆರಿಸ್ಕೊಳ್ಳುತ್ತೆ ಸಿಸ್ಟರ್, ನಮ್ಮನ್ನ ಕೇಳಲ್ಲ."

ಇದನ್ನೆಲ್ಲ ಕೇಳಲು ಅತ್ತಿಗೆ ಅಲ್ಲಿದ್ದರೆ ತಾನೇ? ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಆ ಪುಟದ ಪ್ರಿಂಟ್ ಹಾಳೆಯನ್ನು ಅರಿವಳಿಕೆ ಡಾಕ್ಟರ ಕೈಗಿಟ್ಟಿದ್ದರು. ಡಾಕ್ಟರು ಓದಿದವರೇ ಟ್ರೇಯಿಂದ ಒಂದು ಸಿರಿಂಜ್ ಎತ್ತಿ ಪಕ್ಕಕ್ಕಿಟ್ಟರು. "ಇದನ್ನೇ ಕೊಡೋದ್ರಲ್ಲಿದ್ದೆ ಕಣಮ್ಮಾ."

ಮಧ್ಯಾಹ್ನ ಎರಡಕ್ಕೆ ಟೈಲರಮ್ಮ ಕಣ್ಣುಬಿಟ್ಟು ನೀರು ಕೇಳಿದರು. ನಾನು ಎಲ್ಲರೆದುರೇ ಅತ್ತಿಗೆಯನ್ನು ತಬ್ಬಿಕೊಂಡೆ. "ಬಿಡೇ, ಮೂಳೆ ಮುರೀತೀಯ," ಅಂದರು, ಮುಖ ಮಾತ್ರ ಅರಳಿತ್ತು.

ಆ ವಾರ ಕಂಪ್ಯೂಟರಿನವನು ಎಲ್ಲ ಪುಟ ಸೇರಿಸಿ ಹೊಸ ಇಂಡೆಕ್ಸ್ ಮಾಡಿದ. 'ಅಲರ್ಜಿ' ಅಂತ ಹುಡುಕಿದರೆ ಇನ್ನೂರ ಹನ್ನೆರಡು ಫೈಲು ಹೆಚ್ಚಿಗೆ ಸಿಕ್ಕವು. ಅಷ್ಟೂ ಜನಕ್ಕೆ ಅತ್ತಿಗೆ ತಾವೇ ಕೂತು ಫೋನ್ ಮಾಡಿದರು: "ಪೆನ್ನು ತಗೊಳ್ಳಿ, ನಿಮಗೆ ಆಗದ ಔಷಧದ ಹೆಸರು ಹೇಳ್ತೀನಿ."