ಬಯ್ಯುವ ಬಂಗಡೆ

ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವ ಆಟದಲ್ಲಿ ಪಳಗಿದವಳು ನಾನು. ಕುಮಟಾದಲ್ಲಿ ಪಿಯುಸಿ ಓದುವಾಗ ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಹೋಗುತ್ತಿದ್ದೆ. ಬೆಳಿಗ್ಗೆ ಮಕ್ಕಳಿಗೆ ಮೊಬೈಲ್ ಬೇಕು ಎಂದು ವಾದಿಸಿ, ಮಧ್ಯಾಹ್ನದ ಸುತ್ತಿನಲ್ಲಿ ಬೇಡ ಎಂದು ವಾದಿಸಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದ್ದೇನೆ. ಹಾಗಾಗಿ ಭಟ್ಕಳದ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷ, ಪ್ರಾಜೆಕ್ಟಿನಲ್ಲಿ ನನಗೆ ಜೋಡಿಯಾದ ಗೆಳತಿ "ಒಣ ಮೀನು ಮುಟ್ಟಿದ್ರೆ ಅದು ಬಯ್ಬೇಕು, ಅದೇ ನಮ್ಮ ಪ್ರಾಜೆಕ್ಟು" ಎಂದಾಗ, ವಿರೋಧಕ್ಕೆ ಕಾರಣ ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಯಾಕೆ ಬಯ್ಬೇಕು?" ಎಂದೆ.

"ನಮ್ಮವ್ವ ಬಯ್ತದಲ್ಲ, ಹಂಗೆ."

ಅವಳದು ಮಾವಳ್ಳಿ. ಅಪ್ಪ ದೋಣಿಗೆ ಹೋಗುತ್ತಾರೆ, ಅವ್ವ ಮೀನು ಒಣಗಿಸಿ ಭಟ್ಕಳದ ಸಂತೆಗೆ ತರುತ್ತಾರೆ. ಮೀನನ್ನು ಹಿಚುಕಿ, ತಿರುಗಿಸಿ, ಮೂಸಿ, ಕೊನೆಗೆ ತೆಗೆದುಕೊಳ್ಳದೆ ಹೋಗುವ ಗಿರಾಕಿಗಳಿಗೆ ಅವ್ವ ಹೇಳುವ ಮಾತುಗಳನ್ನು ಅವಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. "ಮೂಸೂಕೆ ಇದೆಂತ ಭಟ್ಕಳ ಮಲ್ಲಿಗಿಯಾ?" ಎಂಬುದು ಒಂದು. "ಮುಟ್ಟಿ ನೋಡಿದ್ದೇ ಆತು, ತಗಳೂದು ಯಾವಾಗ?" ಎಂಬುದು ಇನ್ನೊಂದು. "ಇದು ನಿನ್ನೆಯದಾ ಕೇಳ್ತ್ರಲ್ಲ, ಒಣ ಮೀನಿಗೆ ನಿನ್ನೆ ಎಂತದು, ಇವತ್ತು ಎಂತದು?" ಎಂಬುದು ಮತ್ತೊಂದು. ಕೇಳಿ ನಗು ಬಂತು. ನಗು ಬಂದದ್ದು ವಾದವಾಗುವುದಿಲ್ಲ ಎಂದು ಅವಳಿಗೆ ಹೇಳಿದೆ.

ನಮ್ಮ ವಿಭಾಗದ ಪದ್ಧತಿಯನ್ನು ಇಲ್ಲಿ ಹೇಳಬೇಕು. ಪ್ರಾಜೆಕ್ಟ್ ಎಂದರೆ ಗೆರೆಯ ಮೇಲೆ ಓಡುವ ರೋಬೋಟು, ಗಿಡಕ್ಕೆ ತಾನೇ ನೀರು ಬಿಡುವ ಪೈಪು, ಬೆರಳು ಒತ್ತಿದರೆ ಹಾಜರಿ ಹಾಕುವ ಪೆಟ್ಟಿಗೆ. ಇವನ್ನು ಮಾಡುವವರೂ ಇದ್ದಾರೆ. ಪೇಟೆಯಿಂದ ಸಿದ್ಧವಾದದ್ದನ್ನು ತಂದು ಹೆಸರು ಬದಲಿಸುವವರೇ ಜಾಸ್ತಿ. ಹಾಜರಿ ಪೆಟ್ಟಿಗೆ ಒಂದಂತೂ ಲ್ಯಾಬಿನ ಕಪಾಟಿನಲ್ಲಿ ಕಾಯಂ ಇತ್ತು. ಯಾರ ಪ್ರಾಜೆಕ್ಟು ಕೈಕೊಟ್ಟರೂ ಅದನ್ನು ಒರೆಸಿ ಮೇಜಿನ ಮೇಲೆ ಇಡುತ್ತಿದ್ದರು.

ಗೈಡ್ ಸರ್ ಮೊದಲ ರಿವ್ಯೂನಲ್ಲೇ ನಮಗೆ ಸ್ಪಷ್ಟವಾಗಿ ಹೇಳಿದರು. "ಆಟದ ಸಾಮಾನು ಪ್ರಾಜೆಕ್ಟ್ ಅಲ್ಲ. ಉಪಯೋಗ ಎಂತ ಹೇಳಿ. ಮೀನು ನಾನೂ ತಿಂತೇನೆ, ಅದು ಬೇರೆ ವಿಷಯ. ಕೊನೇ ರಿವ್ಯೂಗೆ ಹೊರಗಿನ ಎಕ್ಸಾಮಿನರ್ ಬರ್ತಾರೆ. ಅವರು ಒಪ್ಪದಿದ್ರೆ ನೀವಿಬ್ರೂ ಮುಂದಿನ ವರ್ಷ ಮತ್ತೆ ಬರ್ಬೇಕು. ಇಲ್ಲ, ಕಪಾಟಿನ ಪೆಟ್ಟಿಗೆ ತಗೊಳ್ಳಿ, ಈಗಲೇ ಮುಗೀತು."

ಹೊರಗೆ ಬಂದ ಮೇಲೆ ಪೆಟ್ಟಿಗೆಯ ಪರವಾಗಿ ನಾನು ಚೆನ್ನಾಗಿಯೇ ಮಾತನಾಡಿದೆ. ಒಂದು ವರ್ಷ ಹಾಳು ಮಾಡಿಕೊಳ್ಳುವುದಕ್ಕೆ ಮೀನು ಸಾಕಷ್ಟು ದೊಡ್ಡ ಕಾರಣವಲ್ಲ, ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅವ್ವನ ಬುಟ್ಟಿ ಬಸ್ಸಿಗೆ ಹತ್ತಿದ್ರೆ ಎದುರು ಸೀಟಿನವ್ರು ಎದ್ದು ಹಿಂದೆ ಹೋಗ್ತ್ರು. ನೀನೂ ಮೊದಲ್ನೇ ವರ್ಷ ಕಿಟಕಿ ತೆಗ್ದಿದ್ದೆ. ಇಲ್ಲಿ ಎಲ್ರೂ ತಾವಾಗೇ ಬಂದು ಮುಟ್ಟೂದು ನಂಗೆ ನೋಡ್ಬೇಕು" ಎಂದಳು. ಇದಕ್ಕೆ ಮರುವಾದ ನನ್ನಲ್ಲಿತ್ತು. ಆದರೆ ಕಿಟಕಿ ತೆಗೆದದ್ದು ನಿಜ.

ಕೆಲಸ ಹಂಚಿಕೊಂಡೆವು. ಪ್ರೋಗ್ರಾಂ ನನ್ನದು, ಮೀನು ಅವಳದು. ರಚನೆ ಸರಳ. ಮೀನು ತುಂಬುವ ಕ್ರೇಟನ್ನು ಬೋರಲು ಹಾಕಿ, ಮೇಲೆ ಒಣ ಬಂಗಡೆ, ತಾರ್ಲಿ, ನೊಗಲಿಗಳನ್ನು ಸಾಲಾಗಿ ಇಟ್ಟು, ಬಾಲಕ್ಕೆ ಒಂದೊಂದು ಕ್ಲಿಪ್ಪು ಕಚ್ಚಿಸಿದೆವು. ಪಕ್ಕದಲ್ಲಿ ಹೊನ್ನಾವರದ ಪಾತ್ರೆ ಅಂಗಡಿಯಿಂದ ತಂದ ತಾಮ್ರದ ತಗಡು. ಎಡಗೈ ತಗಡಿನ ಮೇಲೆ ಇಟ್ಟು ಬಲಗೈಯಿಂದ ಮೀನು ಮುಟ್ಟಿದರೆ, ಇರುವೆ ಕಚ್ಚಿದಷ್ಟೂ ಗೊತ್ತಾಗದ ಬ್ಯಾಟರಿ ಕರೆಂಟು ಮೀನಿನಿಂದ ಮೈಗೆ, ಮೈಯಿಂದ ತಗಡಿಗೆ ಹರಿಯುತ್ತದೆ. ಕ್ರೇಟಿನೊಳಗಿನ ಬೋರ್ಡು ಅದನ್ನು ಗಮನಿಸಿ ಆ ಮೀನಿನ ಪಾಲಿನ ಬೈಗುಳವನ್ನು ಸ್ಪೀಕರಿಗೆ ಕಳಿಸುತ್ತದೆ. ಒಣ ಮೀನಿನಲ್ಲಿ ಉಪ್ಪು ಇರುತ್ತದೆ, ಉಪ್ಪು ಗಾಳಿಯಿಂದ ತೇವ ಹೀರುತ್ತದೆ, ತೇವ ಇದ್ದಲ್ಲಿ ಕರೆಂಟು ಹರಿಯುತ್ತದೆ. ಪಠ್ಯಪುಸ್ತಕದ ಮಟ್ಟಿಗೆ ಇಷ್ಟೇ.

ಮೀನು ಕೊಡುವಾಗ ಅವಳ ಅವ್ವ ಷರತ್ತು ಹಾಕಿದರು. ಒಲೆಯ ಮೇಲಿನ ಅಟ್ಟದಿಂದ ಡಬ್ಬ ಇಳಿಸಿ, "ಮಳೆಗಾಲದಲ್ಲಿ ದೋಣಿ ಇಳಿಯೂದಿಲ್ಲ, ಇದು ನಮ್ಮ ಊಟದ ಮೀನು. ಆಟ ಮುಗಿದ್ಮೇಲೆ ವಾಪಸ್ ಬರ್ಬೇಕು" ಎಂದರು. ನನ್ನ ಕಡೆ ತಿರುಗಿ, "ನೀ ತಿನ್ನೂದಿಲ್ವಲ್ಲ, ನಿಂಗೆ ಎಂತಕ್ಕೆ ಇದೆಲ್ಲ?" ಎಂದರು.

"ಪ್ರೋಗ್ರಾಂ ನಂದು" ಎಂದೆ.

"ಅದು ತಿನ್ನೂಕೆ ಬರ್ತದಾ?"

ಹೊನ್ನಾವರದ ನಮ್ಮ ಮನೆಯಲ್ಲಿ ಪ್ರಶ್ನೆ ಬೇರೆ ರೀತಿಯದು. ಒಂದು ಶನಿವಾರ ಪರೀಕ್ಷೆ ಮಾಡಲೆಂದು ಒಂದೇ ಒಂದು ಬಂಗಡೆಯನ್ನು ಮೂರು ಪ್ಲಾಸ್ಟಿಕ್ ಸುತ್ತಿ ತಂದಿದ್ದೆ. ಅಮ್ಮ ಬಾಗಿಲಲ್ಲೇ ನಿಂತು, "ಕೂಸೆ, ಚೀಲದಲ್ಲಿ ಎಂತ ಇದ್ದು?" ಎಂದಳು.

"ಪ್ರಾಜೆಕ್ಟು."

"ಪ್ರಾಜೆಕ್ಟಿಗೆ ಇಂಥಾ ನಾತ ಎಂತಕ್ಕೆ ಬತ್ತು?"

ಬಂಗಡೆ ಆ ರಾತ್ರಿ ತುಳಸಿಕಟ್ಟೆಯಿಂದ ಸಾಕಷ್ಟು ದೂರದಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಮಲಗಿತು. ಮೊದಮೊದಲು ನಾನು ಮೀನನ್ನು ಒದ್ದೆ ಬಟ್ಟೆ ಸುತ್ತಿದ ಪೆನ್ಸಿಲಿನಿಂದ ಮುಟ್ಟಿ ನೋಡುತ್ತಿದ್ದೆ. ಆಮೇಲೆ ಪೆನ್ಸಿಲು ಹುಡುಕುವುದೇ ಕಿರಿಕಿರಿಯಾಗಿ ಬೆರಳನ್ನೇ ಬಳಸತೊಡಗಿದೆ.

ಜೂನ್ ಬಂತು, ಮಳೆ ಹಿಡಿಯಿತು. ನಾವು ಹೆದರಿದ್ದೆಲ್ಲ ಒದ್ದೆಗೆ. ಕರಾವಳಿಯಲ್ಲಿ ಯಂತ್ರ ಇಟ್ಟುಕೊಂಡವರೆಲ್ಲ ಹೆದರುವುದು ಅದಕ್ಕೇ. ಬೆಂಕಿಕಡ್ಡಿ ಹತ್ತುವುದಿಲ್ಲ, ಬೆಲ್ಟಿಗೆ ಬೂಸರು, ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ. ಬೋರ್ಡನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿದೆವು, ಕೀಲುಗಳಿಗೆ ಅಂಟು ಸುರಿದೆವು, ಒಂದು ಮೀನಿನ ನೀರು ಇನ್ನೊಂದಕ್ಕೆ ತಾಗಿ ಎಲ್ಲವೂ ಒಟ್ಟಿಗೆ ಬಯ್ಯದ ಹಾಗೆ ನಡುವೆ ರಬ್ಬರ್ ಪಟ್ಟಿ ಕೊಟ್ಟೆವು. ಮೀನು ಎಷ್ಟು ಕರೆಂಟು ಬಿಟ್ಟರೆ ಮುಟ್ಟಿದಂತೆ ಲೆಕ್ಕ ಎಂಬ ಮಿತಿಯನ್ನು ಮಾವಳ್ಳಿಯ ಅಡುಗೆಮನೆಯಲ್ಲಿ ಕೂತು, ಹೊರಗೆ ಮಳೆ ಸುರಿಯುವಾಗ ನಿಗದಿ ಮಾಡಿದೆವು. ಕಿಟಕಿ ತೆರೆದಿರುವ ನಮ್ಮ ಲ್ಯಾಬಿನಲ್ಲೂ ಅದು ಸರಿಯಾಗಿಯೇ ನಡೆಯಿತು. ಹಾಜರಿ ಪೆಟ್ಟಿಗೆಯ ಹುಡುಗರು ದಿನಾ ಬಂದು ಬೈಸಿಕೊಂಡು ಹೋಗುತ್ತಿದ್ದರು.

ರಿವ್ಯೂ ಇದ್ದದ್ದು ಸೆಮಿನಾರ್ ಹಾಲಿನಲ್ಲಿ. ಅತಿಥಿಗಳು ಬಂದಾಗ ಮಾತ್ರ ತೆಗೆಯುವ ಕೋಣೆ ಅದು. ಅಲ್ಲಿ ಎಸಿ ಇದೆ. ಬೆಳಿಗ್ಗೆಯೇ ಎಲ್ಲರ ಪ್ರಾಜೆಕ್ಟುಗಳನ್ನೂ ಒಳಗೆ ಇಡಿಸಿ ಬಾಗಿಲು ಹಾಕಿದರು. ನಮ್ಮ ಸರದಿ ಬರುವಾಗ ಮಧ್ಯಾಹ್ನವಾಗಿತ್ತು.

ಎಕ್ಸಾಮಿನರ್ ವಿಜಯಪುರದ ಕಡೆಯ ಮೇಡಂ. ಗೆಳತಿ ವಿವರಿಸಿದಳು, ಎಡಗೈಯನ್ನು ತಗಡಿನ ಮೇಲಿಟ್ಟು ಬಂಗಡೆ ಮುಟ್ಟಿದಳು. ಏನೂ ಇಲ್ಲ. ತಾರ್ಲಿ ಮುಟ್ಟಿದಳು. ಏನೂ ಇಲ್ಲ. ನಾನು ತಂತಿ ನೋಡಿದೆ, ಬ್ಯಾಟರಿ ನೋಡಿದೆ. ಎಲ್ಲ ಸರಿ ಇತ್ತು. ಹಿಂದಿನ ಸಾಲಿನಿಂದ ಯಾರೋ "ಮೀನು ಸತ್ತೋಯ್ತು" ಎಂದರು. ಗೈಡ್ ಸರ್ ಹಾಜರಿ ಪೆಟ್ಟಿಗೆಯ ಕಡೆ ನೋಡಿದ್ದನ್ನು ನಾನು ನೋಡಿದೆ.

ಮಾತಿನಿಂದ ಸಮಯ ತುಂಬುವುದು ನನಗೆ ಗೊತ್ತಿರುವ ಕೆಲಸ. ಆಟವೂ ಒಂದು ಉಪಯೋಗವೇ, ಸಂಪರ್ಕವೇ ತಂತ್ರಜ್ಞಾನದ ಮೂಲ, ಎಂದೆಲ್ಲ ಶುರು ಮಾಡಿದೆ. ಮೇಡಂ ಕೈ ಎತ್ತಿ ನಿಲ್ಲಿಸಿದರು. "ಅದೆಲ್ಲ ಇರಲವ್ವಾ. ಇದು ಯಾಕ ಸುಮ್ಮಗೈತಿ, ಅದನ್ನ ಹೇಳು."

ಉತ್ತರ ಗೊತ್ತಾದದ್ದು ಗೆಳತಿಗೆ. ಅವಳು ಬಂಗಡೆಯನ್ನು ಎರಡು ಬೆರಳಲ್ಲಿ ಬಗ್ಗಿಸಿ ನೋಡಿದಳು. ಅದು ಬಗ್ಗಲಿಲ್ಲ. "ಗಟ್ಟಿಯಾಗಿದೆ ಮೇಡಂ. ಎಸೀಲಿ ಒಣಗಿ ಹೋಗಿದೆ. ಹೊರಗೆ ಇಟ್ರೆ ಮಾತಾಡ್ತದೆ."

"ಎಸಿ ರೂಮಲ್ಲಿ ನಡೆಯದ ಪ್ರಾಜೆಕ್ಟು ಎಂಥ ಪ್ರಾಜೆಕ್ಟು?" ಎಂದರು ಸರ್.

ಒದ್ದೆಗೆ ಎಲ್ಲ ತಯಾರಿ ಮಾಡಿಕೊಂಡವರು ಒಣ ಗಾಳಿಗೆ ಒಂದು ಸಾಲೂ ಪ್ರೋಗ್ರಾಂ ಬರೆದಿರಲಿಲ್ಲ. ಹುಟ್ಟಿದಂದಿನಿಂದ ಒಣ ಗಾಳಿಯನ್ನೇ ಕಾಣದವರ ತಪ್ಪು ಅದು. ಮೇಡಂ ಊರಿನವರು ಮಾಡುತ್ತಿರಲಿಲ್ಲ. ಅದನ್ನೇ ಅವರೂ ಹೇಳಿದರು. "ಹಂಗಾದ್ರ ನಮ್ಮೂರಾಗ ಇದು ವರ್ಷಪೂರ್ತಿ ಬಾಯಿ ಮುಚ್ಚಿಕೊಂಡೇ ಇರ್ತದೇನು? ಇಡ್ರಿ ಹೊರಗ. ಚಾ ಕುಡದು ಬರ್ತೀನಿ."

ಕ್ರೇಟನ್ನು ಜಗಲಿಗೆ ಒಯ್ದೆವು. ಮಳೆಯ ಇರಿಚಲು ತಾಗದಷ್ಟು ಒಳಗೆ, ಗಾಳಿ ತಾಗುವಷ್ಟು ಹೊರಗೆ. ನಾನು ಆ ಹೊತ್ತನ್ನು ಸುಮ್ಮನೆ ಕಳೆಯಲಿಲ್ಲ. ಗೆಲ್ಲುವ ವಾದ ಒಂದು ಹೊಳೆದಿತ್ತು. "ಇದನ್ನ ತೇವ ಅಳೆಯುವ ಯಂತ್ರ ಅನ್ನೋಣ" ಎಂದೆ. "ಒಣಗಿದಾಗ ಸುಮ್ಮನಿರ್ತದೆ, ತೇವ ಇದ್ದಾಗ ಮಾತಾಡ್ತದೆ. ಉಪಯೋಗ ಸಿಕ್ಕಿತು. ಸರ್ ಬಾಯಿ ಮುಚ್ತದೆ."

"ಸುಮ್ನಿರೇ ಮಾರಾಯ್ತಿ" ಎಂದಳು.

ಮೇಡಂ ಬಂದರು, ಹಿಂದೆ ಸರ್, ಅವರ ಹಿಂದೆ ಹಾಲಿನಲ್ಲಿದ್ದ ಅರ್ಧ ಜನ. ಗೆಳತಿ ಕೈ ಚಾಚುವಷ್ಟರಲ್ಲಿ ಮೇಡಂ ತಾವೇ ಬಳೆ ಹಿಂದಕ್ಕೆ ಸರಿಸಿ, ತಗಡಿನ ಮೇಲೆ ಕೈಯಿಟ್ಟು, "ನಾ ಮೀನ ಮುಟ್ಟಿದ್ದು ನಮ್ಮ ಮನ್ಯಾಗ ಹೇಳಬ್ಯಾಡ್ರಿ ಮತ್ತ" ಎನ್ನುತ್ತ ಬಂಗಡೆಯ ಬೆನ್ನಿಗೆ ಒಂದು ಬೆರಳು ತಾಗಿಸಿದರು.

"ಮೂಸೂಕೆ ಇದೆಂತ ಭಟ್ಕಳ ಮಲ್ಲಿಗಿಯಾ?" ಎಂದಿತು ಬಂಗಡೆ.

ಮೇಡಂ ಬೆರಳು ತೆಗೆದು, ಮತ್ತೆ ಇಟ್ಟರು. ಬಂಗಡೆ ಮತ್ತೆ ಅದನ್ನೇ ಹೇಳಿತು. ಆಮೇಲೆ ತಾರ್ಲಿ, ಆಮೇಲೆ ಕೊನೆಯ ನೊಗಲಿ. ನೊಗಲಿಯ ಪಾಲಿಗೆ ಇದ್ದದ್ದು, ಮನೆಯಲ್ಲಿ ಹೇಳದೆ ಮೀನು ತಿನ್ನುವ ಗಿರಾಕಿಗಳಿಗೆ ಅವ್ವ ಹೇಳುವ ಮಾತು: "ಕೈ ತೊಳ್ಕಂಡೇ ಹೋಗಿ, ಇಲ್ದಿದ್ರೆ ಮನೀಲಿ ಗೊತ್ತಾಗ್ತದೆ." ಜಗಲಿಯಲ್ಲಿ ನಿಂತವರೆಲ್ಲ ನಕ್ಕರು, ಮೇಡಂ ಎಲ್ಲರಿಗಿಂತ ಜಾಸ್ತಿ. ಸರ್ ಕೂಡ ಯಾರೂ ನೋಡದ ಹಾಗೆ ಒಮ್ಮೆ ತಾರ್ಲಿ ಮುಟ್ಟಿದರು. ಯಾರೂ ನೋಡದ ಹಾಗೆ ಎಂದರೇನು, ಅದು ಗಟ್ಟಿಯಾಗಿ ಬೈದೇ ಬೈಯಿತು.

ನಗು ತಣ್ಣಗಾದ ಮೇಲೆ ಸರ್ ನನ್ನ ವಾದವನ್ನು ನನಗಿಂತ ಮೊದಲು ಹೇಳಿಬಿಟ್ಟರು. "ಮೇಡಂ, ಇದನ್ನ ಹ್ಯುಮಿಡಿಟಿ ಸೆನ್ಸರ್ ಅಂತ ಹೆಸರು ಬದಲಿಸಿದ್ರೆ ಆಯ್ತು. ಈ ಸಾಲಿನಲ್ಲೇ ಪಾಸ್ ಮಾಡಬಹುದು. ಆಟಿಕೆ ಅಂತ ಬರೆದ್ರೆ ಯೂನಿವರ್ಸಿಟಿಗೆ ಎಂತ ಹೇಳೂದು?"

ಮೇಡಂ ಗೆಳತಿಯ ಕಡೆ ನೋಡಿದರು. "ಏನಂತೀಯವ್ವಾ?"

ಹೂಂ ಎಂದರೆ ಮುಗಿಯಿತು. ನಾನು ಅವಳ ಮೊಣಕೈ ಮುಟ್ಟಿದೆ, ಹೂಂ ಅನ್ನು ಎಂದು.

"ಬೇಡ ಸರ್" ಎಂದಳು. "ತೇವ ಅಳಿಯೂಕೆ ಮೀನು ಬೇಡ. ಉಪ್ಪಿನ ಡಬ್ಬಿ ಮುಚ್ಚಳ ತೆಗೆದ್ರೆ ಗೊತ್ತಾಗ್ತದೆ. ಸೆನ್ಸರ್ ಅಂದ್ರೆ ಗೋಡೆಗೆ ಹೊಡಿತ್ರು, ಯಾರೂ ಮುಟ್ಟೂದಿಲ್ಲ. ಆಟಿಕೆ ಅಂದ್ರೆ ಮುಟ್ತ್ರು. ಈಗ ನೀವೂ ಮುಟ್ಟಿದ್ರಿ."

ಚರ್ಚಾಸ್ಪರ್ಧೆಯ ಲೆಕ್ಕದಲ್ಲಿ ಈ ವಾದಕ್ಕೆ ಪೀಠಿಕೆ ಇರಲಿಲ್ಲ, ಉದ್ಧರಣೆ ಇರಲಿಲ್ಲ, ಕೈಯ ಚಲನೆಯೂ ಇರಲಿಲ್ಲ. ಸಾಕ್ಷಿ ಎದುರಾಳಿಯ ಬೆರಳ ತುದಿಯಲ್ಲೇ ಇತ್ತು. ನಾನು ಮರುವಾದ ಹುಡುಕಿದೆ, ಅಭ್ಯಾಸಬಲ. ಸಿಗಲಿಲ್ಲ. ಅಲ್ಲಿಯವರೆಗೆ ಅವಳ ಜೊತೆಗಿದ್ದೂ ವಿರೋಧದ ಚೀಟಿಯನ್ನೇ ಹಿಡಿದುಕೊಂಡಿದ್ದವಳು ನಾನು. "ಸರ್, ಹೆಸರು ಹಾಗೇ ಇರ್ಲಿ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಮೇಡಂ ಸ್ವಲ್ಪ ಹೊತ್ತು ಬೆರಳು ಮೂಸಿ ನೋಡಿಕೊಂಡರು. ಮಿತಿಯನ್ನು ಗಾಳಿಗೆ ತಕ್ಕಂತೆ ತಾನೇ ಬದಲಿಸಿಕೊಳ್ಳುವ ಹಾಗೆ ಪ್ರೋಗ್ರಾಂ ತಿದ್ದಬೇಕು, ತಿದ್ದಿದ್ದನ್ನು ವಾರದೊಳಗೆ ಸರ್ ನೋಡಬೇಕು ಎಂದರು. "ನಮ್ಮೂರಾಗೂ ಬಯ್ಬೇಕು ಅದು. ಆಮ್ಯಾಲೆ ಆಟಿಕಿ ಅಂತನ ಬರೀರಿ" ಎಂದು ಸಹಿ ಹಾಕಿ, ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ಕೇಳಿದರು. ಅಂಕ ಬಹಳ ಬರಲಿಲ್ಲ. ಹಾಜರಿ ಪೆಟ್ಟಿಗೆಗೆ ನಮಗಿಂತ ಹೆಚ್ಚು ಬಂತು, ಅದು ಪ್ರತಿ ವರ್ಷವೂ ಬರುತ್ತದೆ.

ತಿದ್ದುವ ಕೆಲಸ ನನ್ನದಾಗಿತ್ತು. ತಂತಿ ಹೇಳುವುದನ್ನು ಮೊದಲು ಕೇಳಿಸಿಕೊಂಡು, ಆಮೇಲೆ ಮಿತಿ ಹಾಕಿಕೊಳ್ಳುವ ಹಾಗೆ ಬರೆದೆ. ಸರ್ ಎಸಿ ಹಾಕಿಸಿ ನೋಡಿದರು, ಬಂಗಡೆ ಅಲ್ಲೂ ಬೈಯಿತು.

ಅದೇ ಸಂಜೆ ಮೀನು ವಾಪಸ್ ಕೊಡಲು ಮಾವಳ್ಳಿಗೆ ಹೋದೆವು. ಗೆಳತಿ ಕ್ಲಿಪ್ಪು ಬಿಡಿಸುತ್ತಿದ್ದಳು. ಅವ್ವ ಒಲೆಯ ಮುಂದಿನಿಂದಲೇ, "ಪಾಸಾತಾ?" ಎಂದರು.

"ಆತು."

"ಹಂಗಾರೆ ಇಲ್ಲಿ ತಾ, ನೋಡ್ವ, ಹಾಳು ಮಾಡಿದ್ರಾ ಎಂತ."

ಬಾಲದಲ್ಲಿ ಕ್ಲಿಪ್ಪಿನ ಹಲ್ಲಿನ ಗುರುತು ಬಿದ್ದ ಬಂಗಡೆಯನ್ನು ನಾನೇ ಎತ್ತಿ ಕೊಟ್ಟೆ. ಅವ್ವ ಅದನ್ನು ಹಿಚುಕಿದರು, ತಿರುಗಿಸಿದರು, ಮೂಗಿನ ಹತ್ತಿರ ಹಿಡಿದರು.

"ಮೂಸೂಕೆ ಇದೆಂತ ಭಟ್ಕಳ ಮಲ್ಲಿಗಿಯಾ?" ಎಂದೆ.

ಅವ್ವ ನನ್ನ ಮುಖ ನೋಡಿದರು. "ಹೆಣ್ಮಗು ಹಿಂಗೆ ಮಾತಾಡೂಕೆ ಯಾರು ಕಲಿಸಿದ್ರು ನಿಂಗೆ?"

"ನೀವೇ."

"ನಾ ಯಾವಾಗ ಹಂಗೆ ಹೇಳಿದೆ? ನಾ ಗಿರಾಕಿ ಹತ್ರ ಜೋರು ಮಾತೇ ಆಡೂದಿಲ್ಲ" ಎಂದು, ಬಂಗಡೆಯನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿ ಮಾಡಿದರು. ಗೆಳತಿ ಅವ್ವನದೇ ರೆಕಾರ್ಡ್ ಕೇಳಿಸಲೆಂದು ಮೊಬೈಲ್ ತೆಗೆದಳು.